ಮರದ ಬುಡದಿಂದ ಆಸ್ಪತ್ರೆಯ ಬಾಗಿಲವರೆಗೆ



ನಮ್ಮ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕಾಫಿಯ ಧಾರಣೆ, ಕಾಯಿಕೊರಕದ ಹಾವಳಿ, ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣದ ಪ್ರಮಾಣ ಇವುಗಳ ವಿಚಾರವೇ ಬರುತ್ತದೆ. ಗಿಡಕ್ಕೆ ರೋಗ ಬಂದರೆ ಮಾಡಬೇಕಾದದ್ದೆಲ್ಲ ನಮಗೆ ಬಾಯಿಪಾಠವಾಗಿದೆ. ಆದರೆ ಮರ ಹತ್ತಿದ ಮನುಷ್ಯ ಬಿದ್ದರೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ಜೀಪಿಗೆ ಹಾಕಿಕೊಂಡು ಹೋಗುವುದು" ಎಂದೇ ಹೇಳುತ್ತೇವೆ. ನಾನೂ ಹಾಗೆಯೇ ಹೇಳುತ್ತಿದ್ದವನು, ಮತ್ತು ಹಾಗೆಯೇ ಮಾಡಿದವನು. ಅದರಿಂದ ಕಲಿತದ್ದನ್ನು ಮೆಣಸಿನ ಕೊಯ್ಲಿಗೆ ಮುಂಚೆ ತಮ್ಮ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಕಸುಬು ಎತ್ತರದ ಕಸುಬು. ಕಾಫಿ ಗಿಡ ಎದೆಯೆತ್ತರದ್ದಾದರೂ ಅದರ ಮೇಲೆ ನೆರಳು ಮರವಿದೆ, ನೆರಳು ಮರಕ್ಕೆ ಮೆಣಸಿನ ಬಳ್ಳಿಯಿದೆ. ಅಡಿಕೆ ಮರವಂತೂ 40–50 ಅಡಿಯದು. ಅದನ್ನು ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಹತ್ತುತ್ತಾನೆ, ಮಳೆಗಾಲದಲ್ಲಿ ಪಾಚಿ ಹಿಡಿದ ಮರಕ್ಕೆ ಔಷಧಿ ಹೊಡೆಯಲು ಹತ್ತುತ್ತಾನೆ. ಮರಗಸಿಯವರ ಕೈಯಲ್ಲಿ ಕತ್ತಿಯೂ ಇರುತ್ತದೆ. ಬೀಳುವುದು ನಮ್ಮ ತೋಟಗಳಲ್ಲಿ ಅಪರೂಪದ ಸಂಗತಿಯಲ್ಲ.

ನನ್ನ ತೋಟದಲ್ಲಿ ನಡೆದದ್ದು

2004ರ ಫೆಬ್ರವರಿ ತಿಂಗಳು. ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಮೆಣಸು ಕೊಯ್ಯುತ್ತಿದ್ದ ಆಳೊಬ್ಬ ಸುಮಾರು 20 ಅಡಿಯಿಂದ ಬೆನ್ನಡಿಯಾಗಿ ಬಿದ್ದ. ನಾನು ಓಡಿ ಹೋದಾಗ ಆತನಿಗೆ ಎಚ್ಚರವಿತ್ತು. "ಸೊಂಟ ಹಿಡ್ಕಂಡದೆ, ಎಬ್ಬಿಸಿ ಅಯ್ಯಾ" ಎಂದ. ಒಂದು ಕಾಲಿನ ಚಪ್ಪಲಿ ಅರ್ಧ ಕಳಚಿತ್ತು. ಅದನ್ನು ಇನ್ನೊಂದು ಕಾಲಿನಿಂದ ತಾನೇ ಒದ್ದು ತೆಗೆದ. ಅದನ್ನು ನಾನು ಕಣ್ಣಾರೆ ಕಂಡೆ.

ನಾವು ನಾಲ್ವರು ಸೇರಿ ಇಬ್ಬರು ಕಂಕುಳಿಗೆ, ಇಬ್ಬರು ಮಂಡಿಗೆ ಕೈ ಕೊಟ್ಟು ಎತ್ತಿದೆವು. ನಡು ಕೆಳಗೆ ಜೋಲಿತು. ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೀಳದಂತೆ ಇಬ್ಬರು ಒತ್ತಿ ಹಿಡಿದುಕೊಂಡು, ತೋಟದ ಕಲ್ಲುದಾರಿಯಲ್ಲಿ ಆದಷ್ಟು ಬೇಗ ಓಡಿಸಿದೆವು. ಬೇಗ ತಲುಪಿಸಿದ್ದೇ ದೊಡ್ಡ ಉಪಕಾರವೆಂದು ನಾನು ನಂಬಿದ್ದೆ.

ಆಸ್ಪತ್ರೆಯ ತುರ್ತು ಕೊಠಡಿಯಲ್ಲಿದ್ದ ಸಿಸ್ಟರ್ ಒಬ್ಬರು ಆತನ ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದು, ಉಳಿದವರಿಂದ ಮೈಯನ್ನು ಒಂದೇ ಸಮಕ್ಕೆ ಹಲಗೆಗೆ ಇಳಿಸಿಕೊಂಡರು. "ಕಾಲ್ಬೆರಳು ಆಡಿಸಪ್ಪ" ಎಂದರು. ಆಡಲಿಲ್ಲ. ನನ್ನ ಕಡೆ ತಿರುಗಿ "ಬಿದ್ದ ಜಾಗದಲ್ಲಿ ಕಾಲು ಆಡ್ತಿತ್ತಾ?" ಎಂದು ಕೇಳಿದರು. "ಆಡ್ತಿತ್ತು, ಚಪ್ಪಲಿ ಒದ್ದ" ಎಂದೆ. ಅವರು ಅದನ್ನು ಕಾಗದದಲ್ಲಿ ಬರೆದುಕೊಂಡರು. ಬೇರೇನೂ ಹೇಳಲಿಲ್ಲ.

ಮುರಿದ ಬೆನ್ನೆಲುಬಿನ ಒಳಗೆ ಬಾವು ಬಂದು ತಾನಾಗಿಯೇ ಕಾಲು ಸೋಲುವುದೂ ಉಂಟು, ಎತ್ತಿದ್ದರಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ವೈದ್ಯರು ನನಗೆ ಸಮಾಧಾನ ಹೇಳಿದರು. ಇರಬಹುದು. ಆದರೆ ನಡು ಜೋಲಿದ್ದನ್ನು ನಾನು ನೋಡಿದ್ದೇನೆ. ಆತನ ಕಾಲಿಗೆ ಮತ್ತೆ ಶಕ್ತಿ ಬರಲಿಲ್ಲ.

ಸಿಸ್ಟರುಗಳ ಸರದಿ

ಅಂದು ಆ ಕೊಠಡಿಯ ಮೂಲೆಯಲ್ಲಿ ನಿಂತು ನಾನು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ಅಲ್ಲಿ ಯಾರೂ ಓಡಾಡಿ ಗಲಿಬಿಲಿ ಮಾಡಲಿಲ್ಲ. ಅವರ ಕೆಲಸಕ್ಕೆ ಒಂದು ಸರದಿ ಇತ್ತು. ಮೊದಲು ಬಾಯಿ ಗಂಟಲು ನೋಡಿದರು, ಆಮೇಲೆ ಎದೆ ಏರಿಳಿಯುವುದನ್ನು, ಆಮೇಲೆ ನಾಡಿ ಮತ್ತು ರಕ್ತದೊತ್ತಡವನ್ನು. ಎರಡೂ ತೋಳಿಗೆ ದಪ್ಪ ಸೂಜಿಯ ನಳಿಕೆ ಹಾಕಿ ರಕ್ತದ ಗುಂಪಿನ ಪರೀಕ್ಷೆಗೆ ಮಾದರಿ ತೆಗೆದರು. ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ನೋಡಿದರು. ಬಟ್ಟೆಯನ್ನು ಕತ್ತರಿಸಿ ತೆಗೆದು ಮೈಯೆಲ್ಲ ಪರೀಕ್ಷಿಸಿ ಕೂಡಲೇ ಕಂಬಳಿ ಹೊದಿಸಿದರು.

ಈ ಸರದಿ ಈಗ ಬಹುಪಾಲು ಜಗತ್ತಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಇದು ಹುಟ್ಟಿದ್ದು ನಮ್ಮಂಥದೇ ಒಂದು ಹಳ್ಳಿಗಾಡಿನ ಅನುಭವದಿಂದ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಾವೇ ನಡೆಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾ ರಾಜ್ಯದ ಹೊಲವೊಂದರಲ್ಲಿ ಬಿತ್ತು. ಪತ್ನಿ ತೀರಿಕೊಂಡರು, ಮಕ್ಕಳಿಗೆ ಗಾಯಗಳಾದವು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಇಂಥ ಗಾಯಾಳುಗಳನ್ನು ಹೇಗೆ ನೋಡಬೇಕೆಂಬ ಕ್ರಮವೇ ಇಲ್ಲದ್ದನ್ನು ಕಂಡ ಸ್ಟೈನರ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಹಳ್ಳಿಗಾಡಿನ ವೈದ್ಯರಿಗಾಗಿ ಒಂದು ಶಿಕ್ಷಣ ಆರಂಭಿಸಿದರು. 1980ರಲ್ಲಿ ಅಲ್ಲಿನ ಶಸ್ತ್ರಚಿಕಿತ್ಸಕರ ಕಾಲೇಜು ಅದನ್ನು ಅಂಗೀಕರಿಸಿತು. ದಾದಿಯರಿಗಾಗಿಯೇ ಪ್ರತ್ಯೇಕ ಶಿಕ್ಷಣ 1986ರಲ್ಲಿ ಬಂತು.

ಅದರ ಸಾರ ಇಷ್ಟೇ: ಯಾವುದು ಬೇಗ ಕೊಲ್ಲುತ್ತದೋ ಅದನ್ನು ಮೊದಲು ನೋಡು. ಉಸಿರಿನ ದಾರಿ, ಉಸಿರಾಟ, ರಕ್ತದ ಓಟ, ಮಿದುಳಿನ ಎಚ್ಚರ, ಕೊನೆಗೆ ಮೈಯೆಲ್ಲ ನೋಡಿ ಬೆಚ್ಚಗಿಡುವುದು. ಚಿಮ್ಮುವ ರಕ್ತವಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ನಿಲ್ಲಿಸತಕ್ಕದ್ದೆಂದು ಈಚಿನ ವರ್ಷಗಳಲ್ಲಿ ಸೇರಿಸಿದ್ದಾರೆ. ಈ ಸರದಿಗೆ ಯಂತ್ರ ಬೇಕಿಲ್ಲ, ಪದವಿ ಬೇಕಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುವುದನ್ನು ನಾವು ಮರದ ಬುಡದಲ್ಲೇ ಆರಂಭಿಸಬಹುದೆಂಬುದೇ ನಾನು ಹೇಳಬೇಕಾದ ಮಾತು.

ಮರದ ಬುಡದಲ್ಲಿ ಮಾಡಬೇಕಾದದ್ದು

ಹತ್ತಿರ ಹೋಗುವ ಮೊದಲು ತಲೆಯೆತ್ತಿ ನೋಡಿ. ಅಲ್ಯೂಮಿನಿಯಂ ಏಣಿ ಅಥವಾ ದೋಟಿ ವಿದ್ಯುತ್ ತಂತಿಗೆ ತಗುಲಿರಬಹುದು. ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಲೈನು ನಿಲ್ಲಿಸಿದ್ದು ಖಚಿತವಾಗದೆ ಮುಟ್ಟಿದರೆ ಒಬ್ಬರ ಬದಲು ಇಬ್ಬರನ್ನು ಕಳೆದುಕೊಳ್ಳುತ್ತೇವೆ.

ಒಬ್ಬರು 108ಕ್ಕೆ ಕರೆ ಮಾಡಲಿ. ನನ್ನ ತೋಟದ ಅಪಘಾತದ ಕಾಲಕ್ಕೆ ಈ ಸೌಲಭ್ಯ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಅದು ಆರಂಭವಾದದ್ದು 2008ರಲ್ಲಿ. ತೋಟದ ಹೆಸರು ಹೇಳಿದರೆ ಸಾಲದು. ಮುಖ್ಯರಸ್ತೆಯ ಬಸ್ ನಿಲ್ದಾಣ, ಶಾಲೆ ಅಥವಾ ದೇವಸ್ಥಾನದ ಗುರುತು ಹೇಳಿ, ಅಲ್ಲಿ ಒಬ್ಬ ಆಳನ್ನು ನಿಲ್ಲಿಸಬೇಕು.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿದೆಯೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಒದ್ದೆಯಾದರೆ ಮೇಲೊಂದು ಬಟ್ಟೆ ಇಟ್ಟು ಇನ್ನೂ ಬಲವಾಗಿ ಒತ್ತಿ. ಮರ ಕೊಯ್ಯುವ ಯಂತ್ರ ಅಥವಾ ಕಳೆ ಕತ್ತರಿಸುವ ಯಂತ್ರದಿಂದ ಕೈಕಾಲು ಸೀಳಿ, ಒತ್ತಿದರೂ ನಿಲ್ಲದಿದ್ದರೆ ಮಾತ್ರ, ಗಾಯಕ್ಕಿಂತ ಮೇಲೆ, ಕೀಲನ್ನು ಬಿಟ್ಟು, ಎರಡು ಅಂಗುಲಕ್ಕೆ ಕಡಿಮೆಯಿಲ್ಲದ ಅಗಲದ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ ತಿರುಚಿ ಬಿಗಿಯಬೇಕು. ಕಟ್ಟಿದ ಹೊತ್ತನ್ನು ಬರೆದಿಡಬೇಕು. ಆಸ್ಪತ್ರೆಯವರೆಗೂ ಅದನ್ನು ಸಡಿಲಿಸಬಾರದು. ಹಗ್ಗ, ತಂತಿ ಕೂಡದು. ಕಾಫಿಪುಡಿ, ಅರಿಸಿನ, ಸುಣ್ಣ, ಹೊಗೆಸೊಪ್ಪು ಗಾಯಕ್ಕೆ ಮೆತ್ತಬಾರದು. ನಾವು ಬೆಳೆದ ಕಾಫಿ ಕುಡಿಯುವುದಕ್ಕೆ ಒಳ್ಳೆಯದು, ಗಾಯಕ್ಕಲ್ಲ. ಕೊಂಬೆಯ ಚೂರು ಮೈಗೆ ನಾಟಿದ್ದರೆ ಕೀಳಬೇಡಿ. ಅದೇ ರಕ್ತನಾಳಕ್ಕೆ ಬಿರಡೆಯಾಗಿರಬಹುದು.

ಆತ ಮಾತನಾಡುತ್ತಿದ್ದರೆ ಉಸಿರಿನ ದಾರಿ ಸದ್ಯಕ್ಕೆ ಸರಿಯಿದೆ. ಎಚ್ಚರ ತಪ್ಪಿ ಗೊರಗೊರ ಸದ್ದು ಬರುತ್ತಿದ್ದರೆ ಬಾಯಿಯಲ್ಲಿ ಕಾಣುವ ಕವಳ, ರಕ್ತ, ವಾಂತಿಯನ್ನು ತೆಗೆದು, ಕತ್ತು ಬಗ್ಗಿಸದೆ ಕೆಳದವಡೆಯ ಎರಡು ಮೂಲೆಗಳನ್ನು ಮುಂದಕ್ಕೆ ತಳ್ಳಿ ಹಿಡಿಯಬೇಕು. ವಾಂತಿಯಾಗುವಂತಿದ್ದರೆ ತಲೆ, ಭುಜ, ಸೊಂಟ ಒಂದೇ ಗೆರೆಯಲ್ಲಿರುವಂತೆ ಇಡೀ ಮೈಯನ್ನು ಮಗ್ಗುಲಿಗೆ ಹೊರಳಿಸಿ. ಬೆನ್ನೆಲುಬಿಗಾಗಿ ಉಸಿರನ್ನು ಬಲಿ ಕೊಡಬಾರದು. ಎಚ್ಚರವೂ ಸರಿಯಾದ ಉಸಿರೂ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತುತ್ತಿರಬೇಕು. ವಿದ್ಯುತ್ ತಗುಲಿದವರಿಗೆ ಇದರಿಂದ ಜೀವ ಮರಳಿದ್ದುಂಟು.

ಇವಿಷ್ಟೂ ಇಲ್ಲದೆ, ಬೆನ್ನು ಕತ್ತು ನೋವೆನ್ನುತ್ತಿದ್ದರೆ, ಎಬ್ಬಿಸಲು ಬೇಡಿಕೊಂಡರೂ ಎಬ್ಬಿಸಬೇಡಿ. ಒಬ್ಬರು ತಲೆಯ ಬಳಿ ಮಂಡಿಯೂರಿ ಎರಡು ಕೈಯಿಂದ ತಲೆಯನ್ನು ಹಿಡಿದಿರಲಿ. ಕೈಕಾಲ ಬೆರಳು ಆಡುತ್ತದೆಯೇ, ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಕೇಳಿ ನೆನಪಿಡಿ.

20 ಅಡಿ ಮೇಲಿಂದ ಬಿದ್ದವರ ಕಟಿಯೆಲುಬು ಮುರಿದು ಹೊರಗೆ ಒಂದು ತೊಟ್ಟೂ ಕಾಣದಂತೆ ಒಳಗೇ ರಕ್ತ ಹರಿಯಬಹುದು. ತೊಡೆಯ ಮೇಲ್ತುದಿಯ ಎಲುಬಿನ ಗಂಟು ಕೈಗೆ ಸಿಗುವ ಮಟ್ಟದಲ್ಲಿ ಪಂಚೆಯನ್ನು ಅಗಲವಾಗಿ ಸುತ್ತಿ ಬಿಗಿಯಾಗಿ ಕಟ್ಟಿ, ಮಂಡಿಗಳನ್ನು ಜೋಡಿಸಿ ಕಟ್ಟಿದರೆ ಆ ಹರಿವು ತಗ್ಗುತ್ತದೆ. ಕೈಕಾಲು ಮುರಿದಿದ್ದರೆ ಒಣಗಿದ ಅಡಿಕೆ ಹಾಳೆಯೇ ಒಳ್ಳೆಯ ದಬ್ಬೆ; ಒಳಗೆ ಬಟ್ಟೆಯ ಮೆತ್ತೆ ಇಟ್ಟು ಮುರಿದ ಜಾಗದ ಮೇಲೂ ಕೆಳಗೂ ಕಟ್ಟಬಹುದು.

ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ನೀರು, ಕಾಫಿ, ಸಾರಾಯಿ ಏನನ್ನೂ ಬಾಯಿಗೆ ಕೊಡಬಾರದು. ಅದು ದಯೆಯಂತೆ ಕಂಡರೂ ವಾಂತಿಯಾಗಿ ಶ್ವಾಸಕೋಶ ಸೇರಬಹುದು, ಶಸ್ತ್ರಚಿಕಿತ್ಸೆಗೂ ತೊಡಕಾಗುತ್ತದೆ.

ಎತ್ತುವ ರೀತಿ

ಆಂಬುಲೆನ್ಸ್ ಬರುವಂತಿದ್ದರೆ ಬಿದ್ದಲ್ಲಿಯೇ ಕಾಯುವುದು ಲೇಸು. ಆದರೆ ನಮ್ಮ ತೋಟದೊಳಗೆ ಅದು ಬರಲಾರದ ಕಡೆಯೇ ಹೆಚ್ಚು. ಹೊತ್ತು ತರಲೇಬೇಕಾದರೆ ಆರಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಬೇಕು. ಹಳೆಯ ಬಾಗಿಲಾದರೂ ಆದೀತು. ಏಣಿಯ ಮೇಲೆ ಹಲಗೆ ತುಂಡು, ಕಂಬಳಿ ಹಾಸಿದರೂ ಆದೀತು. ಒಬ್ಬರು ತಲೆ ಹಿಡಿದು ಆಜ್ಞೆ ಕೊಡಬೇಕು. ಮೂವರು ಒಂದೇ ಮಗ್ಗುಲಲ್ಲಿ ಕೂತು ಭುಜ, ಸೊಂಟ, ಕಾಲು ಹಿಡಿಯಬೇಕು. "ಒಂದು, ಎರಡು, ಮೂರು" ಎಂದಾಗ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ತಮ್ಮ ಕಡೆಗೆ ಹೊರಳಿಸಬೇಕು. ಐದನೆಯವರು ಹಲಗೆ ತಳ್ಳಿದ ಮೇಲೆ ಮತ್ತೆ ಒಟ್ಟಿಗೆ ಇಳಿಸಬೇಕು. ತಲೆಯ ಎರಡು ಕಡೆ ಮಡಿಸಿದ ಗೋಣಿಚೀಲ ಇಟ್ಟು, ಎದೆ, ಸೊಂಟ, ಕಾಲಿಗೆ ಪಟ್ಟಿ ಕಟ್ಟಬೇಕು. ಹಲಗೆ ಸಾಗಿಸುವುದಕ್ಕೆ ಮಾತ್ರ. ಗಂಟೆಗಟ್ಟಲೆ ಅದರ ಮೇಲೆ ಮಲಗಿಸಿದರೆ ಚರ್ಮ ಸಾಯುತ್ತದೆ. ಪಿಕಪ್ಪಿನಲ್ಲಿ ಹಾಸಿಗೆಯ ಮೇಲಿಟ್ಟು ನಿಧಾನವಾಗಿ ನಡೆಸಿದರೆ ಹೆಚ್ಚಾಗುವುದು ಕೆಲವು ನಿಮಿಷ ಮಾತ್ರ.

ತಲೆಗೆ ಪೆಟ್ಟು ಬಿದ್ದವರು

ಎದ್ದು ಕೂತು "ಏನಾಗಿಲ್ಲ" ಎಂದು ಬೀಡಿ ಸೇದಿದವನು ಆ ರಾತ್ರಿಯೇ ಲೈನ್‌ಮನೆಯಲ್ಲಿ ಸಾಯಬಹುದು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಕೂಡಿಕೊಳ್ಳುವಾಗ ನಡುವೆ ಕೆಲವು ಗಂಟೆ ಚೆನ್ನಾಗಿಯೇ ಇರುವುದುಂಟು. ಆದ್ದರಿಂದ ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದವನನ್ನು, ವಾಂತಿ ಮಾಡಿಕೊಂಡವನನ್ನು, ತೂಕಡಿಸುತ್ತಿರುವವನನ್ನು ಮನೆಗೆ ಕಳಿಸಬಾರದು.

ಆಸ್ಪತ್ರೆಯಲ್ಲಿ ಇಂಥವರನ್ನು ಸಿಸ್ಟರುಗಳು ಮೊದಮೊದಲು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಮಾತನಾಡಿಸುತ್ತಾರೆ. ರೋಗಿಯ ಕಡೆಯವರು "ಮಲಗಿದವನನ್ನು ಯಾಕೆ ಕಾಡುತ್ತೀರಿ" ಎಂದು ಜಗಳ ಮಾಡಿದ್ದನ್ನು ನೋಡಿದ್ದೇನೆ. ಅದು ಕಾಟವಲ್ಲ, ಲೆಕ್ಕ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ, ಕನಿಷ್ಠ 3. ಅಂಕ 8 ಅಥವಾ ಅದಕ್ಕಿಂತ ಕಡಿಮೆಯಾದರೆ ಉಸಿರಿನ ದಾರಿಯನ್ನು ಕಾಯ್ದುಕೊಳ್ಳುವ ಶಕ್ತಿಯೇ ಹೋಗಿರಬಹುದು. ಅಂಕ ಇಳಿಯುತ್ತಿರುವುದನ್ನು ಮೊದಲು ಕಾಣುವುದು ರಾತ್ರಿ ಪಾಳಿಯ ಸಿಸ್ಟರ್.

ಇಲ್ಲಿ ನಮ್ಮ ಪಾಲಿನ ಕೆಲಸವೊಂದಿದೆ. ಈಗ ನಮ್ಮ ತೋಟಗಳಲ್ಲಿ ಅಸ್ಸಾಮಿನ ಕಡೆಯವರೂ ಅನೇಕರು ದುಡಿಯುತ್ತಿದ್ದಾರೆ. ಕನ್ನಡ ಬಾರದವನು ಉತ್ತರ ಕೊಡದಿದ್ದರೆ ಅದು ಮಿದುಳಿನ ಪೆಟ್ಟೋ ಭಾಷೆಯ ತೊಡಕೋ ಎಂದು ಸಿಸ್ಟರ್ ಹೇಗೆ ತಿಳಿಯಬೇಕು? ಆತನ ಭಾಷೆಯ ಸಂಗಾತಿಯೊಬ್ಬನನ್ನು ಜೊತೆಗೆ ಕಳಿಸಿ, ಕನಿಷ್ಠ ಮೊದಲ ರಾತ್ರಿ ಅಲ್ಲಿಯೇ ಇರಿಸುವುದು ಮಾಲೀಕನ ಹೊಣೆ.

ಸಿಸ್ಟರಿಗೆ ಹೇಳಬೇಕಾದ ಮಾತು

ಗಾಯಾಳುವಿನ ಜೊತೆ ನಾಲ್ಕು ಜನ ನುಗ್ಗಿ ನಾಲ್ಕು ರೀತಿ ಹೇಳುವುದಕ್ಕಿಂತ, ಕಣ್ಣಾರೆ ಕಂಡ ಒಬ್ಬರು ಹೋಗಿ ಚೀಟಿ ಕೊಡುವುದು ಮೇಲು. ಅದರಲ್ಲಿ ಇರಬೇಕಾದವು: ಬಿದ್ದ ಹೊತ್ತು, ಎಷ್ಟು ಎತ್ತರದಿಂದ, ಯಾವುದರ ಮೇಲೆ; ಎಚ್ಚರ ತಪ್ಪಿತ್ತೇ; ಕೈಕಾಲು ಆಡುತ್ತಿತ್ತೇ; ನಾವು ಏನು ಮಾಡಿದೆವು; ಕೊನೆಗೆ ಊಟ ಮಾಡಿದ್ದು ಯಾವಾಗ; ಯಾವ ಔಷಧಿ ಒಗ್ಗುವುದಿಲ್ಲ; ಸಕ್ಕರೆ ಕಾಯಿಲೆ ಅಥವಾ ರಕ್ತ ತೆಳು ಮಾಡುವ ಮಾತ್ರೆ ಇದೆಯೇ; ಹೆಂಗಸಾದರೆ ಬಸುರಿಯೇ; ಮದ್ಯ ಸೇವಿಸಿದ್ದನೇ. ಕೀಟನಾಶಕ ಹೊಡೆಯುತ್ತಿದ್ದರೆ ಅದನ್ನು ತಪ್ಪದೆ ಹೇಳಬೇಕು. ಕೆಲವು ಕೀಟನಾಶಕಗಳು ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತವೆ. ತಿಳಿಯದಿದ್ದರೆ ತಲೆಯ ಪೆಟ್ಟಿನ ಪರೀಕ್ಷೆಯೇ ದಾರಿ ತಪ್ಪುತ್ತದೆ.

ಹೊತ್ತಿಗೆ ಇಷ್ಟು ಮಹತ್ವವೇಕೆಂದರೆ, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಚುಚ್ಚುಮದ್ದೊಂದಿದೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಸಾವನ್ನು ತಗ್ಗಿಸಿದ್ದು ಕಂಡುಬಂತು. ಆದರೆ ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಅದರ ಪ್ರಯೋಜನ. ಹೊತ್ತು ಗೊತ್ತಿಲ್ಲದಿದ್ದರೆ ಕೊಡುವವರು ಹಿಂಜರಿಯಬೇಕಾಗುತ್ತದೆ.

ಪೊಲೀಸ್ ಕೇಸಿನ ಅಂಜಿಕೆಯಿಂದ ತಡ ಮಾಡುವುದು, "ಮನೆಯಲ್ಲಿ ಬಿದ್ದ" ಎಂದು ಸುಳ್ಳು ಹೇಳುವುದು ನಮ್ಮಲ್ಲಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ವೈದ್ಯರು ಮೊದಲು ಜೀವ ಉಳಿಸತಕ್ಕದ್ದು, ಕಾನೂನಿನ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ. ಎತ್ತರವನ್ನು ಮುಚ್ಚಿಟ್ಟರೆ ಒಳಗಿನ ಗಾಯವೂ ಮುಚ್ಚಿಯೇ ಉಳಿಯುತ್ತದೆ.

ಆಮೇಲಿನ ಶುಶ್ರೂಷೆ

ಬೆನ್ನುಹುರಿ ಕೆಟ್ಟವರು ಹಿಂದೆಲ್ಲ ಬಹುಪಾಲು ಸಾಯುತ್ತಿದ್ದದ್ದು ಹಾಸಿಗೆ ಹುಣ್ಣಿನಿಂದ ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು ಇಂಥವರಿಗಾಗಿ ವಿಭಾಗ ತೆರೆದು, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪದ್ಧತಿ ತಂದರು. ಸಾವಿನ ದವಡೆಯಲ್ಲಿದ್ದವರು ಕೆಲಸಕ್ಕೆ ಮರಳಿದರು.

ನನ್ನ ತೋಟದ ಆಳಿನ ಹೆಂಡತಿಗೆ ಸಿಸ್ಟರುಗಳು ಆಸ್ಪತ್ರೆಯಲ್ಲೇ ಇದನ್ನು ಕಲಿಸಿ ಕಳಿಸಿದರು. ಓದು ಬಾರದ ಆ ಹೆಣ್ಣುಮಗಳು ರಾತ್ರಿ ಅಲಾರಂ ಇಟ್ಟುಕೊಂಡು ಏಳುತ್ತಿದ್ದಳು. ಒಂದು ಹುಣ್ಣೂ ಆಗಲಿಲ್ಲ. ಆತ ಈಗ ಗಾಲಿಕುರ್ಚಿಯಲ್ಲಿ ಕೂತು ನಮ್ಮ ಕಣದಲ್ಲಿ ಕಾಫಿ ಮೆಣಸಿನ ತೂಕದ ಲೆಕ್ಕ ಬರೆಯುತ್ತಾನೆ. ಆತನ ಜೀವ ಉಳಿದದ್ದು ನನ್ನ ಜೀಪಿನ ವೇಗದಿಂದಲ್ಲ, ಈ ಹೆಂಗಸರ ಕೈಯಿಂದ.

ಸಂಘದಿಂದ ಆಗಬೇಕಾದದ್ದು

ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಮೂರು ವಿಷಯ ಇಡಲಿದ್ದೇನೆ. ಒಂದು, ಪ್ರತಿ ಸದಸ್ಯರ ತೋಟಕ್ಕೂ ಪಟ್ಟಿ ಸಹಿತ ಒಂದು ಹಲಗೆ ಮತ್ತು ಬಟ್ಟೆ, ಕತ್ತರಿ, ಕಂಬಳಿಯ ಒಂದು ಪೆಟ್ಟಿಗೆ. ಎರಡು, ಮೇಲೆ ಹೇಳಿದ ಚೀಟಿಯನ್ನು ಅಚ್ಚು ಹಾಕಿಸಿ ರೈಟರ್ ಮೇಸ್ತ್ರಿಗಳ ಕೈಗೆ ಕೊಡುವುದು. ಮೂರು, ಮೆಣಸಿನ ಕೊಯ್ಲಿಗೆ ಮುಂಚೆ ಅನುಭವವುಳ್ಳ ಸಿಸ್ಟರ್ ಒಬ್ಬರನ್ನು ಕರೆಸಿ, ಕಣದಲ್ಲಿ ಮನುಷ್ಯನನ್ನು ಮಲಗಿಸಿ ಹೊರಳಿಸುವುದನ್ನು ಕೈಹಿಡಿದು ಕಲಿಸುವುದು. ಓದಿದ್ದು ಗಾಬರಿಯಲ್ಲಿ ಮರೆಯುತ್ತದೆ, ಮಾಡಿದ್ದು ಮರೆಯುವುದಿಲ್ಲ. ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಸೊಂಟದ ಪಟ್ಟಿ, ಗಟ್ಟಿ ಏಣಿ, ಒದ್ದೆ ಮರ ಹತ್ತಿಸದಿರುವುದು, ಇವುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ಕಣದ ಗೋಡೆಯಲ್ಲಿ 2004ರಿಂದ ಒಂದು ಹಲಗೆ ನೇತುಹಾಕಿದೆ. ಈವರೆಗೆ ಎರಡು ಸಲ ಇಳಿಸಿದ್ದೇವೆ. ಪ್ರತಿ ವರ್ಷ ಮೆಣಸು ಕೊಯ್ಲಿನ ಮೊದಲ ದಿನ ಅದರ ಪಟ್ಟಿಗಳನ್ನು ಎಳೆದು ನೋಡಿ, ಸರಿಯಿದೆಯೆಂದು ಹೇಳಿದ ಮೇಲೆಯೇ ಏಣಿಗಳನ್ನು ಹೊರಗೆ ಬಿಡುವವನು ಆತನೇ.

ತಮ್ಮ ತೋಟಕ್ಕೆ ಹಲಗೆ ಬೇಕಾದ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.

ಕಾರ್ಯದರ್ಶಿ